ಅಂಗನವಾಡಿ ಟೀಚರ್ ಕೈಗೆ ಮೊಬೈಲ್ ಬಂದ ಕಥೆ

ಅಕ್ಕ ತಂಗಿಯರೇ, ಈ ಸಲ ಅಡುಗೆ ವಿಷಯ ಬಿಟ್ಟು ಒಂದು ಹಳೇ ಲೆಕ್ಕ ಹೇಳ್ತೇನೆ. ಇದು ನಮ್ಮಂಥ ಹೆಂಗಸರ ಕೆಲಸದ ಲೆಕ್ಕ.

ಅಂಗನವಾಡಿ ಶುರುವಾಗಿದ್ದು 1975ರ ಅಕ್ಟೋಬರ್ 2ಕ್ಕೆ, ದೇಶದ 33 ಕಡೆ. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಮಕ್ಕಳ ತೂಕ, ಊಟ, ಚುಚ್ಚುಮದ್ದು, ಬಸುರಿ ಬಾಣಂತಿಯರ ಹೆಸರು, ಎಲ್ಲ ರಿಜಿಸ್ಟರ್‌ನಲ್ಲಿ ಬರೀಬೇಕಿತ್ತು. ಬರೆದು ಬರೆದು ಕೈ ನೋಯ್ತಿತ್ತು, ನಿಜ. ಆದ್ರೆ ಪುಸ್ತಕ ಮುಚ್ಚಿ ಬೀಗ ಹಾಕಿದ್ರೆ ಅವತ್ತಿನ ಕೆಲಸ ಮುಗೀತು.

2021ರ ಮಾರ್ಚ್‌ನಲ್ಲಿ ಪೋಷಣ್ ಟ್ರ್ಯಾಕರ್ ಅನ್ನೋ ಆ್ಯಪ್ ಬಂತು. ಒಳ್ಳೇದೂ ಉಂಟು. ಕೂಲಿಗೆ ಅಂತ ಊರು ಬಿಟ್ಟು ಹೋದ ಸಂಸಾರದ ಮಗುವಿನ ಲೆಕ್ಕ ಹೋದ ಊರಿನ ಅಂಗನವಾಡಿಗೂ ಸಿಗ್ತದೆ. ಲೈನ್ ಮನೆಗಳಿರೋ ನಮ್ಮ ಕಡೆಗೆ ಅದು ಬೇಕಾದದ್ದೇ. ಆದ್ರೆ ಮೊಬೈಲ್‌ಗೆ ಬೀಗ ಇಲ್ಲ ನೋಡಿ. ಮಳೆಗಾಲದಲ್ಲಿ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಹಗಲು ಏರದ ಲೆಕ್ಕವನ್ನ ರಾತ್ರಿ ಅನ್ನ ಬಸಿಯುತ್ತಾ ಏರಿಸ್ಬೇಕು. 2025ರ ಜುಲೈಯಿಂದ ಮನೆಗೆ ಕೊಡೋ ಆಹಾರಕ್ಕೆ ಮುಖದ ಗುರುತೂ ಹಿಡೀಬೇಕು. ಮುಖ ಹೊಂದದಿದ್ರೆ ಬೈಗುಳ ತಿನ್ನೋದು ಟೀಚರ್.

2005ರಲ್ಲಿ ಶುರುವಾದ ಆಶಾ ಕಾರ್ಯಕರ್ತೆಯರದ್ದೂ ಇದೇ ಗೋಳು. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂತದ್ದು ಬರೀ ಸಂಬಳ ಹೆಚ್ಚಳಕ್ಕಲ್ಲ. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಸರಿಯಾಗಿ ಏರದೆ ದುಡ್ಡು ಕೈತಪ್ಪುತ್ತೆ ಅನ್ನೋ ಸಂಕಟವೂ ಇತ್ತು.

ನಮ್ಮ ಕಾಫಿ ತೋಟದ ಕೆಲಸದವರನ್ನ ನೋಡಿ. 1951ರ ಪ್ಲಾಂಟೇಶನ್ ಕಾಯ್ದೆಯಲ್ಲಿ ವಾರಕ್ಕೆ ಇಷ್ಟೇ ಗಂಟೆ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿರಾಮ ಅಂತ ಬರೆದಿತ್ತು. ಅಂಗನವಾಡಿಯವರಿಗೆ ಸಿಗೋದು ಗೌರವಧನ. ನಮ್ಮ ರಾಜ್ಯದ್ದೇ ಅಮೀರ್‌ಬಿ ಕೇಸ್‌ನಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಇವರದ್ದು ಸರ್ಕಾರಿ ಹುದ್ದೆ ಅಲ್ಲ ಅಂತು. 2022ರಲ್ಲಿ ಬೇರೊಂದು ಕೇಸ್‌ನಲ್ಲಿ ಗ್ರಾಚ್ಯುಟಿ ಕೊಡ್ಬೇಕು ಅಂತು. ಅಷ್ಟಾದ್ರೂ ಆಯ್ತು. ಫ್ರಾನ್ಸ್ ದೇಶದಲ್ಲಿ 2017ರಿಂದ, ಕೆಲಸದ ಹೊತ್ತು ಮುಗಿದ ಮೇಲೆ ಆಫೀಸಿನ ಮೆಸೇಜ್ ನೋಡದೇ ಇರೋದೂ ಒಂದು ಹಕ್ಕು. ನಮ್ಮ ಟೀಚರಮ್ಮನಿಗೆ ಆ ಹಕ್ಕು ಎಲ್ಲಿ?

ಕಾನೂನು ಬರೋ ತನಕ ನಮ್ಮ ಕೈಲಾಗೋದು ಇಷ್ಟು. ಓಟಿಪಿ ಕೇಳಿದ್ರೆ ಸಿಡುಕಬೇಡಿ, ಮೊಬೈಲ್ ಹತ್ತಿರ ಇಟ್ಕೊಳ್ಳಿ. ಫೋಟೋಗೆ ಹೇಳಿದ ಹೊತ್ತಿಗೆ ಸೊಸೆಯನ್ನ ಕಳಿಸಿ. ರಾತ್ರಿ ಫೋನ್ ಮಾಡ್ಬೇಡಿ. ಗ್ರಾಮಸಭೆಗೆ ಹೋದಾಗ ರಸ್ತೆ, ನೀರಿನ ಜೊತೆ ಅಂಗನವಾಡಿಗೆ ನೆಟ್‌ವರ್ಕ್ ಯಾವಾಗ ಅಂತಲೂ ಕೇಳಿ. ಅವರು ಕೇಳಿದ್ರೆ ದೂರು ಅಂತಾರೆ, ನಾವು ಕೇಳಿದ್ರೆ ಊರಿನ ಬೇಡಿಕೆ ಆಗ್ತದೆ.