ಎಲೆನ್ ವಿಲ್ಸನ್‌ಳ ಕಡೆಯಿಂದ: ಹುಡುಗಿಯರ ವಸತಿಶಾಲೆಯ ಕಥೆ ಮತ್ತು ಅದರ ಓದುಗರು

1936ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಬಾಲಕಿಯರ ಶಾಲೆಯ ಮುಖ್ಯೋಪಾಧ್ಯಾಯಿನಿ ಎಥೆಲ್ ಸ್ಟ್ರಡ್ವಿಕ್ ಬೆಳಗಿನ ಪ್ರಾರ್ಥನೆಗೆ ನೆರೆದಿದ್ದ ಹುಡುಗಿಯರ ಮುಂದೆ ಒಂದು ಆಸೆ ತೋಡಿಕೊಂಡರು. ಆಂಜೆಲಾ ಬ್ರೆಜಿಲ್ ಬರೆದ ಪುಸ್ತಕಗಳನ್ನೆಲ್ಲ ಒಂದೆಡೆ ಗುಡ್ಡೆ ಹಾಕಿ ಬೆಂಕಿ ಇಡಬೇಕು ಎಂಬುದೇ ಆ ಆಸೆ. ಆ ಕಥೆಗಳ ಹುಡುಗಿಯರು ಆಡುವ ಬೀದಿಮಾತು ತಮ್ಮ ಶಾಲೆಯ ಮಕ್ಕಳ ನಾಲಿಗೆಗೂ ಹತ್ತುತ್ತಿದೆ ಎಂಬುದು ಅವರ ಸಿಟ್ಟು. ಬ್ರೆಜಿಲ್ 1906ರಿಂದಲೂ ಇಂಥ ಕಥೆ ಬರೆಯುತ್ತಿದ್ದವರು. ಅಷ್ಟು ಹೊತ್ತಿಗೆ ಅವರ ಓದುಗಿಯರಲ್ಲಿ ಎಷ್ಟೋ ಮಂದಿ ತಾಯಂದಿರಾಗಿದ್ದರು. ಹುಡುಗಿಯರ ವಸತಿಶಾಲೆಯ ಕಥೆಗಳ ಬಗ್ಗೆ ನಡೆದ ವಾದಗಳೆಲ್ಲ ಹೆಚ್ಚುಕಡಿಮೆ ಇದೇ ಎಳೆಯಲ್ಲಿ ಸಾಗಿವೆ: ಶಾಲೆ ನಡೆಸುವವರಿಗೆ ಆ ಕಥೆ ಬೇಡ, ಶಾಲೆಯಲ್ಲಿ ಕೂತವರಿಗೆ ಬೇಕೇ ಬೇಕು. ಈ ಲೇಖನ ಕೇಳಲು ಹೊರಟಿರುವುದು ಬೇರೆ ಪ್ರಶ್ನೆ. ಈ ಎರಡೂ ಪಕ್ಷಗಳ ಕಣ್ಣಿಗೆ ಬೀಳದ ಒಬ್ಬ ಓದುಗಿ ಇದ್ದಾಳೆ. ಅವಳು ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯಂಥ ಊರಿಂದ, ಟ್ರಂಕು ಹೊತ್ತು ಸರ್ಕಾರಿ ವಸತಿಶಾಲೆಗೆ ಹೋದವಳು. ಅವಳ ಕಡೆಯಿಂದ ನೋಡಿದರೆ ಈ ಕಥೆಗಳು ಹೇಗೆ ಕಾಣುತ್ತವೆ?

ಈ ಪ್ರಕಾರದ ಮೂಲವನ್ನು ಸಾಮಾನ್ಯವಾಗಿ ಸಾರಾ ಫೀಲ್ಡಿಂಗ್ 1749ರಲ್ಲಿ ಪ್ರಕಟಿಸಿದ 'ದಿ ಗವರ್ನೆಸ್'ನಲ್ಲಿ ಗುರುತಿಸುತ್ತಾರೆ. ಅದು ನೀತಿಬೋಧೆಯ ಪುಸ್ತಕ, ಯಾರ ತಕರಾರಿಗೂ ಸಿಕ್ಕಿದ್ದಲ್ಲ. ಓದುಗರು ಪತ್ರಿಕೆಗಳಲ್ಲಿ ಹೆಸರು ಹಾಕಿ ಜಗಳಕ್ಕಿಳಿದದ್ದು 'ಜೇನ್ ಏರ್' (1847) ಬಂದ ಮೇಲೆ. ಆ ಕಾದಂಬರಿಯ ಲೋವುಡ್ ಶಾಲೆಯಲ್ಲಿ ಸೀದ ಗಂಜಿ, ಚಳಿ, ಜ್ವರ, ಧರ್ಮದ ಹೆಸರಿನ ಅವಮಾನ ಎಲ್ಲ ಇವೆ. ಕೋವನ್ ಬ್ರಿಜ್‌ನಲ್ಲಿ 1824ರಲ್ಲಿ ತೆರೆದಿದ್ದ ಪಾದ್ರಿಗಳ ಹೆಣ್ಣುಮಕ್ಕಳ ಶಾಲೆಯೇ ಇದು ಎಂದು ಬಲ್ಲವರು ಬೇಗ ಗುರುತಿಸಿದರು. ಕಾದಂಬರಿ ಬರೆದ ಷಾರ್ಲೆಟ್ ಬ್ರಾಂಟೆಯ ಇಬ್ಬರು ಅಕ್ಕಂದಿರು, ಮಾರಿಯಾ ಮತ್ತು ಎಲಿಜಬೆತ್, ಆ ಶಾಲೆಯಿಂದ ಕಾಯಿಲೆ ಬಿದ್ದು ಮನೆಗೆ ಬಂದು 1825ರಲ್ಲಿ ತೀರಿಕೊಂಡಿದ್ದರು. 1857ರಲ್ಲಿ ಎಲಿಜಬೆತ್ ಗ್ಯಾಸ್ಕೆಲ್ ಬ್ರಾಂಟೆಯ ಜೀವನಚರಿತ್ರೆಯಲ್ಲಿ ಶಾಲೆಯ ಹೆಸರನ್ನು ಬಯಲಿಗಿಟ್ಟಾಗ ಸ್ಥಾಪಕ ವಿಲಿಯಂ ಕಾರಸ್ ವಿಲ್ಸನ್‌ರ ಕಡೆಯವರು ಪತ್ರಿಕೆಗಳಲ್ಲಿ ಶಾಲೆಯ ಪರ ಬರೆದರು. ಆ ಹೊತ್ತಿಗೆ ಬ್ರಾಂಟೆ ಇರಲಿಲ್ಲ. ಅವರ ಪರವಾಗಿ ಗಂಡ ಆರ್ಥರ್ ಬೆಲ್ ನಿಕೋಲ್ಸ್ ಉತ್ತರ ಕೊಟ್ಟರು. ಗ್ಯಾಸ್ಕೆಲ್ ಮೂರನೆಯ ಆವೃತ್ತಿಯಲ್ಲಿ ಆ ಭಾಗವನ್ನು ತಿದ್ದಬೇಕಾಯಿತು. ಒಂದು ವಸತಿಶಾಲೆಯ ಊಟ ಹೇಗಿತ್ತು ಎಂಬ ಬಗ್ಗೆ ಮೂವತ್ತು ವರ್ಷಗಳ ನಂತರ ವಯಸ್ಸಾದವರು ಸಾಕ್ಷಿ ಹೇಳಿಕೊಂಡ ಪ್ರಸಂಗ ಇದು. ಕಥೆ ಓದಿದವರು ಅದನ್ನು ಕಥೆಯೆಂದು ಬಿಡಲಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಸಿಗಲಾರದು.

ಇಪ್ಪತ್ತನೆಯ ಶತಮಾನದ ಕಥೆಗಳಲ್ಲಿ ಲೋವುಡ್‌ನ ನೆರಳು ಅಳಿಸಿಹೋಗುತ್ತದೆ. ಎಲಿನರ್ ಬ್ರೆಂಟ್-ಡೈಯರ್ 1925ರಲ್ಲಿ ಶುರು ಮಾಡಿದ 'ಷಾಲೆ ಸ್ಕೂಲ್' ಮಾಲೆ ಬಹುಮಟ್ಟಿಗೆ ಆಲ್ಪ್ಸ್ ಬೆಟ್ಟಗಳ ನಡುವೆ ನಡೆಯುತ್ತದೆ. ಅಲ್ಲಿ ಶಾಲೆಯೆಂದರೆ ಶಿಕ್ಷೆಯಲ್ಲ, ಮನೆಗಿಂತ ಹಿತವಾದ ತಾಣ. ಎನಿಡ್ ಬ್ಲೈಟನ್ ಅದನ್ನು ಇನ್ನೂ ಸರಳಗೊಳಿಸಿದರು. ಸೇಂಟ್ ಕ್ಲೇರ್ಸ್ ಮಾಲೆ 1941ರಿಂದ 1945ರವರೆಗೆ, ಮ್ಯಾಲರಿ ಟವರ್ಸ್ ಮಾಲೆಯ ಆರು ಪುಸ್ತಕಗಳು 1946ರಿಂದ 1951ರವರೆಗೆ ಬಂದವು. ಎರಡನೆಯದಕ್ಕೆ ಮಾದರಿ, ಬ್ಲೈಟನ್‌ರ ಮಗಳು ಓದಿದ ಬೆನೆಂಡನ್ ಶಾಲೆ. ಯುದ್ಧಕಾಲದಲ್ಲಿ ಅದು ಕಾರ್ನ್‌ವಾಲ್ ಕಡಲತೀರಕ್ಕೆ ಸ್ಥಳಾಂತರವಾಗಿತ್ತು. ಬಂಡೆಗಳ ನಡುವಿನ ಈಜುಕೊಳ, ನಾಲ್ಕು ಗೋಪುರ, ನಡುರಾತ್ರಿ ಕದ್ದುಮುಚ್ಚಿ ತಿನ್ನುವ ಕೇಕು, ಸಾರ್ಡೀನ್ ಮೀನು, ಶುಂಠಿ ಪಾನೀಯ ಇವೆಲ್ಲ ಓದಿದವರ ಬಾಯಲ್ಲಿ ಇಂದಿಗೂ ನಿಂತಿವೆ. ಈ ಕಥೆಗಳಲ್ಲಿ ತಿಂಡಿ ಯಾಕಿಷ್ಟು ಎಂದು ವಿಮರ್ಶಕರು ಮೂಗು ಮುರಿದದ್ದುಂಟು. ಬ್ರಿಟನ್‌ನಲ್ಲಿ ಸಿಹಿತಿನಿಸಿನ ಮೇಲೆ 1942ರಿಂದ 1953ರವರೆಗೆ ಪಡಿತರ ಇತ್ತು ಎಂಬುದನ್ನು ಪಕ್ಕಕ್ಕಿಟ್ಟುಕೊಂಡು ಓದಿದರೆ ಪ್ರಶ್ನೆಗೆ ಉತ್ತರ ತಾನೇ ಸಿಗುತ್ತದೆ. ಮ್ಯಾಲರಿ ಟವರ್ಸ್‌ನ ಆರೂ ಪುಸ್ತಕ ಆ ಗಡುವಿನೊಳಗೇ ಬಂದವು. ಕೂಪನ್ನು ಹಿಡಿದು ಚಾಕಲೇಟಿಗೆ ಸಾಲು ನಿಂತ ಮಗುವಿಗೆ ಆ ನಡುರಾತ್ರಿಯ ಔತಣ ಎಂಥ ಸುಖ ಕೊಟ್ಟಿರಬೇಕೆಂದು ಊಹಿಸುವುದು ಕಷ್ಟವಲ್ಲ.

ದೊಡ್ಡವರ ತೀರ್ಪು ಮಾತ್ರ ಕಠಿಣವಾಗಿತ್ತು. ಬಿಬಿಸಿ 1930ರ ದಶಕದ ಕೊನೆಯಿಂದ 1950ರ ದಶಕದವರೆಗೆ ಬ್ಲೈಟನ್‌ರ ಬರಹಗಳನ್ನು ಪ್ರಸಾರದಿಂದ ದೂರವಿಟ್ಟಿತು. ಹಲವು ಸಾರ್ವಜನಿಕ ಗ್ರಂಥಾಲಯಗಳು ಅವರ ಪುಸ್ತಕಗಳನ್ನು ಕೊಳ್ಳುವುದನ್ನೇ ಬಿಟ್ಟವು. ಬಡ ಶಬ್ದಭಂಡಾರ, ಮೇಲುವರ್ಗದ ಠೇಂಕಾರ, ಪರದೇಶದವರನ್ನು ಕಂಡರೆ ನಗು: ಆರೋಪಗಳ ಪಟ್ಟಿ ಇದು. ಆರೋಪಗಳಲ್ಲಿ ಹುರುಳಿಲ್ಲ ಎನ್ನಲಾಗದು, ಫ್ರೆಂಚ್ ಟೀಚರುಗಳನ್ನು ಈ ಕಥೆಗಳು ನಡೆಸಿಕೊಳ್ಳುವ ರೀತಿಯೇ ಸಾಕು. 1976ರಲ್ಲಿ ಮೇರಿ ಕ್ಯಾಡೊಗನ್ ಮತ್ತು ಪೆಟ್ರೀಷಿಯಾ ಕ್ರೇಗ್, 1992ರಲ್ಲಿ ರೋಸ್‌ಮೇರಿ ಆಕ್ಮುಟಿ ಈ ಪ್ರಕಾರವನ್ನು ಹೆಂಗಸರ ಕಣ್ಣಿನಿಂದ ಮತ್ತೆ ಓದಿದರು. ಗಂಡಸರ ಅಪ್ಪಣೆ ಇಲ್ಲದ, ಅಡುಗೆಮನೆಯ ಚಾಕರಿ ಇಲ್ಲದ, ನಾಯಕಿಯೂ ಖಳನಾಯಕಿಯೂ ಹುಡುಗಿಯೇ ಆಗಿರುವ ಲೋಕ ಇದು ಎಂಬುದು ಆಕ್ಮುಟಿಯಂಥವರ ವಾದದ ಸಾರ. ಜರ್ಮನಿಯ ಪ್ರಕಾಶಕರು ಬೇರೆಯೇ ಹಾದಿ ಹಿಡಿದರು. 1965ರಿಂದ ಸೇಂಟ್ ಕ್ಲೇರ್ಸ್‌ನ ಅವಳಿ ನಾಯಕಿಯರಿಗೆ ಹಾನಿ ಮತ್ತು ನಾನಿ ಎಂದು ಹೆಸರಿಟ್ಟು, ಶಾಲೆಯನ್ನು ಜರ್ಮನಿಗೆ ಎಳೆದುಕೊಂಡು, ಬ್ಲೈಟನ್ ಬರೆಯದ ಎಷ್ಟೋ ಹೊಸ ಕಥೆಗಳನ್ನು ಸೇರಿಸಿದರು. ಒಂದು ದೇಶದ ಓದುಗರು ಕಥೆಯನ್ನು ತಮ್ಮದಾಗಿಸಿಕೊಂಡ ಬಗೆ ಅದು. ನನ್ನ ಮಟ್ಟಿಗೆ ನೂರು ವಿಮರ್ಶೆಗಿಂತ ಅದು ತೂಕದ ಅಭಿಪ್ರಾಯ.

ಕರ್ನಾಟಕಕ್ಕೂ ಶಾಲಾಕಥೆಗೂ ಇರುವ ಹಳೆಯ ಗಂಟು ಬೆಂಗಳೂರಿನ ದಂಡು ಪ್ರದೇಶದಲ್ಲಿದೆ. ಹುಡುಗರ ಶಾಲಾಕಥೆಗಳ ತಲೆಯ ಮೇಲಿನ ಕಿರೀಟವೆನಿಸಿದ 'ಟಾಮ್ ಬ್ರೌನ್ಸ್ ಸ್ಕೂಲ್‌ಡೇಸ್'ನಲ್ಲಿ (1857) ಹೆಸರಿಲ್ಲದ ಒಬ್ಬ ಯುವ ಮೇಷ್ಟ್ರು ಬರುತ್ತಾರೆ. ಅವರ ಮೂಲವ್ಯಕ್ತಿ ರಗ್ಬಿ ಶಾಲೆಯ ಜಾರ್ಜ್ ಕಾಟನ್. ಮುಂದೆ ಕಲ್ಕತ್ತೆಯ ಬಿಷಪ್ ಆದ ಅವರ ಹೆಸರಿನಲ್ಲೇ 1865ರಲ್ಲಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಆರಂಭವಾಯಿತು, ಮುಂದೆ ಅದರ ಬಾಲಕಿಯರ ಶಾಲೆ ಬೇರೆಯಾಯಿತು. ಬಾಲ್ಡ್‌ವಿನ್ ಬಾಲಕಿಯರ ಶಾಲೆ 1880ರದು. ಇಂಗ್ಲಿಷಿನ ವಸತಿಶಾಲೆ ಕಥೆಗಳನ್ನು ಒಂದಿಷ್ಟಾದರೂ ತಮ್ಮ ಬದುಕಿಗೆ ಹೊಂದಿಸಿಕೊಂಡು ಓದಬಲ್ಲ ಹುಡುಗಿಯರು ನಮ್ಮಲ್ಲಿ ಇದ್ದದ್ದು ಇಂಥ ಶಾಲೆಗಳಲ್ಲೇ. ಅಲ್ಲಿಂದ ಹಿಂದೂಪುರದ ಕಡೆಗೆ ಹೋಗುವ ರೈಲು ಹತ್ತಿದರೆ ದೊಡ್ಡಬಳ್ಳಾಪುರ, ಮಾಕಳಿದುರ್ಗ ದಾಟಿ ತೊಂಡೇಬಾವಿ ಬರುತ್ತದೆ. ಕನ್ನಡ, ತೆಲುಗು ಎರಡೂ ಮನೆಮಾತಾಗಿರುವ, ಈಗ ಸಿಮೆಂಟ್ ಕಾರ್ಖಾನೆಯಿಂದ ಹೆಸರಾದ ಹೋಬಳಿ. ರೈಲಿನ ಲೆಕ್ಕದಲ್ಲಿ ದೂರ ಹೆಚ್ಚಿಲ್ಲ. ಆದರೆ ವಸತಿಶಾಲೆಯ ಚರಿತ್ರೆ ಈ ದಾರಿಯಲ್ಲಿ ಪೂರ್ತಿ ಬದಲಾಗುತ್ತದೆ.

ಈ ಕಡೆ ಮನೆಬಿಟ್ಟು ಓದುವುದೆಂದರೆ ಬಡತನದ ಮಾತು, ಅದೂ ಗಂಡುಹುಡುಗರ ಮಾತು. ದಿನಕ್ಕೊಂದು ಮನೆಯಂತೆ ವಾರಾನ್ನ ಉಂಡು ಓದಿದವರ ಕಾಲ ಮೊದಲು. ಆಮೇಲೆ ಜಾತಿ ಸಂಘಗಳ ಹಾಸ್ಟೆಲುಗಳು, ಮಠಗಳ ಉಚಿತ ನಿಲಯಗಳು, ದಲಿತ ಹುಡುಗರಿಗೆ ಗೋಪಾಲಸ್ವಾಮಿ ಅಯ್ಯರ್ ನಡೆಸಿದಂಥ ನಿಲಯಗಳು ಬಂದವು. ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ' ಓದಿದವರಿಗೆ ಆ ಹಾಸ್ಟೆಲಿನ ಹಸಿವೂ ನಗುವೂ ಗೊತ್ತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರದು ಇದೇ ಸಾಲಿನ ಕಥೆ. 1935ರಲ್ಲಿ, ಹದಿಹರೆಯದಲ್ಲಿ, ಪ್ರೌಢಶಾಲೆ ಸೇರಲು ಅವರು ಊರಿನಿಂದ ಬೆಂಗಳೂರಿಗೆ ಎರಡು ದಿನ ನಡೆದುಹೋದರು. ರೈಲು ಇತ್ತು, ಟಿಕೆಟ್ಟಿಗೆ ಕಾಸು ಇರಲಿಲ್ಲ. ನ್ಯಾಷನಲ್ ಹೈಸ್ಕೂಲಿಗೆ ಸೇರಿ, ಬಡ ವಿದ್ಯಾರ್ಥಿಗಳ ನಿಲಯದಲ್ಲಿದ್ದು ಓದಿದರು. ಮುಂದೆ ಭೌತವಿಜ್ಞಾನದ ಪ್ರಾಧ್ಯಾಪಕರಾಗಿ, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿಯೂ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯನ್ನು ಬಿಡಲಿಲ್ಲ, 2005ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಮನೆ. ಅವರ ಆತ್ಮಕಥೆ 'ಹೋರಾಟದ ಹಾದಿ' ಈ ಸೀಮೆ ಕನ್ನಡಕ್ಕೆ ಕೊಟ್ಟ ಹಾಸ್ಟೆಲ್ ಕಥನ ಎಂದರೂ ಸಲ್ಲುತ್ತದೆ. ಈ ಸಾಲಿನಲ್ಲಿ ಹುಡುಗಿಯರಿಗೆ ಜಾಗವಿರಲು ಕಾರಣವಿಲ್ಲ. 1935ರಲ್ಲಿ ಹೊಸೂರಿನ ಹುಡುಗಿಯೊಬ್ಬಳು ಒಂಟಿಯಾಗಿ ಬೆಂಗಳೂರಿಗೆ ನಡೆದು ಹೊರಟಿದ್ದರೆ ಊರು ಅದನ್ನು ಓದಿನ ಹಂಬಲ ಎಂದು ಕರೆಯುತ್ತಿತ್ತೇ?

ಹುಡುಗಿಯರ ಮಟ್ಟಿಗೆ ಮನೆಯ ಹೊರಗಿನ ವಾಸ ಎಂದರೆ ಅನಾಥಾಲಯ, ವಿಧವಾಶ್ರಮ, ಇಲ್ಲವೇ ಮಿಷನ್ನಿನ ಬೋರ್ಡಿಂಗು. ಈ ಮೂರರ ಹೆಸರೆತ್ತಿದರೂ ಸಾಂಪ್ರದಾಯಿಕ ಮನೆಗಳು ಬಾಗಿಲು ಹಾಕಿಕೊಳ್ಳುತ್ತಿದ್ದವು. ಮೈಸೂರಿನಲ್ಲಿ 1881ರಲ್ಲಿ ಶುರುವಾದ ಮಹಾರಾಣಿ ಬಾಲಿಕಾ ಪಾಠಶಾಲೆ ಅರಮನೆಯ ಆಸರೆಯಿದ್ದೂ ಆ ಹೆದರಿಕೆಯ ಎದುರೇ ಬೆಳೆಯಬೇಕಾಯಿತು. ಬಾಲವಿಧವೆಯಾದ ನಂಜನಗೂಡು ತಿರುಮಲಾಂಬಾ 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆ ತೆರೆದು 'ಸುಶೀಲೆ' ಪ್ರಕಟಿಸಿದಾಗ ಅವರು ಕೂತಿದ್ದು ಮನೆಯಲ್ಲೇ, ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ್ದೂ ಮನೆಯಲ್ಲೇ. ಅದರ ಪರಿಣಾಮ ಕಾದಂಬರಿಗಳಲ್ಲೂ ಕಾಣುತ್ತದೆ. ಅರ್ಧ ಶತಮಾನದ ನಂತರ ತ್ರಿವೇಣಿ ಹೆಂಗಸಿನ ಮನಸ್ಸನ್ನು ಅಷ್ಟು ಹತ್ತಿರದಿಂದ ನೋಡಿದರಲ್ಲ, 'ಶರಪಂಜರ'ದ ನಾಯಕಿಯನ್ನು ಮನೆಯಿಂದ ಹೊರಗೆ ಇಟ್ಟುಕೊಳ್ಳುವ ಕಟ್ಟಡ ಮಾನಸಿಕ ಆಸ್ಪತ್ರೆ. ಹುಡುಗಿಯರೇ ತುಂಬಿದ, ನಗುವಿನ, ಜಗಳದ, ಗೆಳೆತನದ ವಸತಿಶಾಲೆಯನ್ನು ಒಂದು ಪರಂಪರೆಯಾಗಿ ಕನ್ನಡ ಕಾದಂಬರಿ ಕಟ್ಟಲಿಲ್ಲ. ಶಾಲೆಯ ಕಥೆ ಕನ್ನಡಿಗರಿಗೆ ರುಚಿಸದು ಎಂದಲ್ಲ. ಜಪಾನಿನ 'ತೊತ್ತೋಚಾನ್' ಕನ್ನಡಕ್ಕೆ ಬಂದಾಗ ಮೇಷ್ಟ್ರುಗಳೂ ತಾಯಂದಿರೂ ಅದನ್ನು ಕೈಯಿಂದ ಕೈಗೆ ದಾಟಿಸಿದರು. ಆದರೆ ತೊತ್ತೋಚಾನ್ ಸಂಜೆ ಮನೆಗೆ ಮರಳುವ ಮಗು.

ಬದಲಾವಣೆ ಬಂದದ್ದು ಸರ್ಕಾರಿ ಆದೇಶಗಳ ಮೂಲಕ. ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘ 1999ರಲ್ಲಿ ರೂಪುಗೊಂಡಿತು. ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿಶಾಲೆಗಳಿಗೆ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆದು ಸೇರುವ ದಾರಿ ಹಳ್ಳಿಗಳವರೆಗೂ ಬಂತು. 2004ರಲ್ಲಿ ಕೇಂದ್ರ ಸರ್ಕಾರದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಯೋಜನೆ ಆರಂಭವಾಯಿತು. ಹಿಂದುಳಿದ ತಾಲ್ಲೂಕುಗಳಲ್ಲಿ ಶಾಲೆ ಬಿಟ್ಟ, ಶಾಲೆ ಕಾಣದ ಹುಡುಗಿಯರಿಗಾಗಿಯೇ ಇದ್ದ ವಸತಿಶಾಲೆಗಳು ಇವು. 'ಹಾಸ್ಟೆಲಿಗೆ ಹಾಕಿದೀವಿ' ಎಂದು ತಲೆ ತಗ್ಗಿಸಿ ಹೇಳುತ್ತಿದ್ದ ಮಾತಿನ ಪಕ್ಕದಲ್ಲೇ 'ಮೊರಾರ್ಜಿ ಸಿಕ್ತು' ಎಂಬ ಹೆಮ್ಮೆಯ ಮಾತೂ ಹುಟ್ಟಿಕೊಂಡಿತು. ಟ್ರಂಕು, ಬೀಗ, ಬಕೆಟ್ಟು, ತಟ್ಟೆ ಲೋಟ ಹಿಡಿದು ಬಸ್ಸು ಹತ್ತುವ ಹತ್ತು ವರ್ಷದ ಹುಡುಗಿ ಈಗ ಈ ಸೀಮೆಯಲ್ಲಿ ಅಪರೂಪವಲ್ಲ. ವಸತಿಶಾಲೆಯ ಕಥೆಗೆ ಬೇಕಾದ ಓದುಗಿ ಕೊನೆಗೂ ಬಂದಳು, ಕಥೆ ಬರೆದಾಗ ಅವಳನ್ನು ಯಾರೂ ನೆನೆದಿರಲಿಲ್ಲ ಅಷ್ಟೆ.

ಇಲ್ಲಿಂದ ಮುಂದಿನದು ಪಠ್ಯ ಮತ್ತು ಶಾಲೆಗಳ ಸ್ವರೂಪ ಎರಡನ್ನೂ ಎದುರುಬದುರು ಇಟ್ಟು ಕಟ್ಟಿದ ಓದು. ಮ್ಯಾಲರಿ ಟವರ್ಸ್ ಮಾಲೆಯ ಎರಡನೆಯ ಪುಸ್ತಕದಲ್ಲಿ (1947) ಎಲೆನ್ ವಿಲ್ಸನ್ ಎಂಬ ಹೊಸ ಹುಡುಗಿ ಬರುತ್ತಾಳೆ. ಅವಳು ವಿದ್ಯಾರ್ಥಿವೇತನ ಗೆದ್ದು ಬಂದವಳು. ಮನೆಯಲ್ಲಿ ದುಡ್ಡಿಲ್ಲ. ಅಂಕ ಕಡಿಮೆಯಾದರೆ ಎಂಬ ಹೆದರಿಕೆಯಲ್ಲಿ ರಾತ್ರಿಯೆಲ್ಲ ಓದುತ್ತಾಳೆ, ಸಿಡುಕುತ್ತಾಳೆ, ಕಾಯಿಲೆ ಬೀಳುತ್ತಾಳೆ, ಒಂದು ಹಂತದಲ್ಲಿ ಪ್ರಶ್ನೆಪತ್ರಿಕೆ ಕದ್ದು ನೋಡಲೂ ಮನಸ್ಸು ಮಾಡುತ್ತಾಳೆ. ಶಾಲೆಯಲ್ಲಿ ದುಡ್ಡು ಒಡವೆ ಕಳವಾದಾಗ ಗುಮಾನಿ ನೇರವಾಗಿ ಅವಳ ಮೇಲೆ ಬೀಳುತ್ತದೆ. ಕದ್ದವಳು ಬೇರೆ, ಸಿರಿವಂತೆಯೆಂದು ಜಂಬ ಕೊಚ್ಚಿಕೊಂಡ ಡ್ಯಾಫ್ನಿ. ಬಿರುಗಾಳಿಯ ರಾತ್ರಿ ಬಂಡೆಯ ಅಂಚಿನಿಂದ ಗೆಳತಿಯ ಜೀವ ಉಳಿಸಿದ ಕಾರಣಕ್ಕೆ ಡ್ಯಾಫ್ನಿಯನ್ನು ತರಗತಿ ಕ್ಷಮಿಸುತ್ತದೆ. ಇಂಗ್ಲಿಷ್ ಓದುಗಿಯರ ಕಣ್ಣು ಸಾಮಾನ್ಯವಾಗಿ ನಾಯಕಿ ಡ್ಯಾರೆಲ್ ರಿವರ್ಸ್‌ಳ ಜೊತೆ ಸಾಗುತ್ತದೆ, ಎಲೆನ್ ದಾರಿಬದಿಯ ಒಂದು ಪ್ರಸಂಗ. ವರ್ಗದ ಠೇಂಕಾರವನ್ನು ಬೈದ ವಿಮರ್ಶಕರಿಗೂ ಅವಳು ಒಂದು ಉದಾಹರಣೆ ಮಾತ್ರ. ಆದರೆ ಪ್ರವೇಶ ಪರೀಕ್ಷೆ ಬರೆದೇ ಸೀಟು ಪಡೆದ ಮೊರಾರ್ಜಿ ಶಾಲೆಯ ತರಗತಿಯಲ್ಲಿ ಎಲ್ಲರೂ ಎಲೆನ್‌ಗಳೇ. ಫಲಿತಾಂಶ ಇಳಿದರೆ ಅಪ್ಪನಿಗೆ ಏನು ಹೇಳಲಿ ಎಂಬ ದಿಗಿಲು ಅಲ್ಲಿ ಯಾರಿಗೂ ವಿವರಿಸಬೇಕಾದ್ದಲ್ಲ. ಅಲ್ಲಿಂದ ನೋಡಿದರೆ ಡ್ಯಾಫ್ನಿಗೆ ಸಿಕ್ಕ ಕ್ಷಮೆ ಔದಾರ್ಯವಾಗಿ ಕಾಣುವುದಿಲ್ಲ. ಎಲೆನ್‌ಳನ್ನು ಅನುಮಾನಿಸಿದ್ದಕ್ಕೆ ತರಗತಿ ಎಷ್ಟು ಕೊರಗಿತು ಎಂಬ ಪ್ರಶ್ನೆ ಮೊದಲು ಏಳುತ್ತದೆ. ಬ್ಲೈಟನ್ ಅದಕ್ಕೆ ಹೆಚ್ಚು ಪುಟ ಕೊಟ್ಟಿಲ್ಲ.

ಈಜುಕೊಳದ ಪ್ರಸಂಗಗಳ ತಮಾಷೆಯೂ ತಿರುಗಿಬೀಳುತ್ತದೆ. ತಣ್ಣೀರಿಗೆ ಹೆದರಿ ಕೊಳಕ್ಕಿಳಿಯದ ಗ್ವೆಂಡೊಲಿನ್ ಮೇರಿಯನ್ನು ಮ್ಯಾಲರಿ ಟವರ್ಸ್ ಆಡಿಕೊಂಡು ನಗುತ್ತದೆ. ಉತ್ತರ ಪಿನಾಕಿನಿ ಹುಟ್ಟಿ ಹರಿಯುವ ಸೀಮೆಯಾದರೂ ವರ್ಷದ ಬಹುಪಾಲು ಮರಳೇ ಕಾಣುವ, ಬೋರ್‌ವೆಲ್ಲಿನ ಆಳದ ಮೇಲೆ ಬೇಸಾಯ ನಿಂತ ತಾಲ್ಲೂಕಿನಲ್ಲಿ, ಬೆಳಗಿನ ಸ್ನಾನಕ್ಕೆ ಬಕೆಟ್ಟು ಹಿಡಿದು ಸಾಲು ನಿಲ್ಲುವ ಹುಡುಗಿಗೆ ಆ ನಗು ಅಷ್ಟು ಸುಲಭಕ್ಕೆ ತಟ್ಟದು. ನಡುರಾತ್ರಿಯ ಔತಣ ಮಾತ್ರ ನೇರವಾಗಿ ಮುಟ್ಟುತ್ತದೆ. ಮೆಸ್ಸಿನ ಮುದ್ದೆ ಸಾರು ಉಂಡು ಮಲಗಿದವರಿಗೆ, ಊರಿಂದ ಬಂದ ಚಕ್ಕುಲಿ ಡಬ್ಬಿಯನ್ನು ವಾರ್ಡನ್ ಕಣ್ಣು ತಪ್ಪಿಸಿ ಹಂಚಿಕೊಳ್ಳುವುದು 1946ರ ಪಡಿತರದ ಮಕ್ಕಳಿಗೆ ಗೊತ್ತಿದ್ದಷ್ಟೇ ಗೊತ್ತಿರುವ ಸುಖ.

ಆರನೆಯ ಪುಸ್ತಕದ (1951) ಗ್ವೆಂಡೊಲಿನ್ ಬಗ್ಗೆ ಹಳೆಯ ಓದುಗರೂ ಈಚೆಗೆ ಮನಸ್ಸು ಬದಲಿಸಿದ್ದಾರೆ. ಚಿಕ್ಕವರಿದ್ದಾಗ ಅವಳನ್ನು ಹಳಿದವರು ದೊಡ್ಡವರಾಗಿ ಮತ್ತೆ ಓದಿ ಮರುಗುವುದುಂಟು. ಸ್ವಿಟ್ಜರ್ಲೆಂಡಿನ ದುಬಾರಿ ಶಾಲೆಗೆ ಹೋಗುತ್ತೇನೆಂದು ಹಟ ಹಿಡಿದು ಅಪ್ಪನನ್ನು ನೋಯಿಸಿದ ಅವಳಿಗೆ ಕಥೆ ಒಂದು ಪಾಠ ಕಲಿಸುತ್ತದೆ: ಅಪ್ಪ ಇದ್ದಕ್ಕಿದ್ದಂತೆ ಕಾಯಿಲೆ ಬೀಳುತ್ತಾನೆ, ಅವಳು ಶಾಲೆ ಬಿಟ್ಟು ಮನೆಗೆ ಹೋಗಿ ದುಡಿಮೆ ಹುಡುಕಬೇಕು. ಬ್ಲೈಟನ್‌ರ ಲೆಕ್ಕದಲ್ಲಿ ಇದು ಜಂಬಕ್ಕೆ ಬಿದ್ದ ಪೆಟ್ಟು. ಅಪ್ಪನ ಕಾಯಿಲೆ, ಸಾಲ, ತಮ್ಮನನ್ನು ನೋಡಿಕೊಳ್ಳುವ ಹೊಣೆ ಇಂಥ ಕಾರಣಗಳಿಗೇ ಆರನೇ ಏಳನೇ ತರಗತಿಗೆ ಪುಸ್ತಕ ಮಡಚಿಟ್ಟ ಹುಡುಗಿಯರು ಕಸ್ತೂರಬಾ ವಿದ್ಯಾಲಯದ ಹಾಜರಿಪುಸ್ತಕ ಸೇರುತ್ತಾರೆ. ಇಂಗ್ಲಿಷ್ ಕಥೆ ಗ್ವೆಂಡೊಲಿನ್‌ಳನ್ನು ಶಾಲೆಯಿಂದ ಹೊರಗೆ ಕಳಿಸಿ ಮುಗಿಸಿದ ಜಾಗದಲ್ಲಿ ಇವರ ವಸತಿಶಾಲೆಯ ಮೊದಲ ದಿನ ಶುರುವಾಗುತ್ತದೆ.