ಕತೆಯಲ್ಲಿ ಇಲ್ಲದ ಪ್ರಶ್ನೆ

2016ರ ಆಗಸ್ಟ್‌ನಲ್ಲಿ ಅಮೆಜಾನ್‌ನಲ್ಲಿ 'ದಿ ಕಿಕ್ಸ್' ಅನ್ನೋ ಸೀರೀಸ್ ಬಂತು. ಕತೆ ಸರಳ. ಡೆವಿನ್ ಬರ್ಕ್ ಎಂಬ ಹುಡುಗಿ ಕನೆಕ್ಟಿಕಟ್‌ನಲ್ಲಿ ತನ್ನ ಸಾಕರ್ ಟೀಮಿನ ಸ್ಟಾರ್. ಮನೆಯವರ ಜೊತೆ ಕ್ಯಾಲಿಫೋರ್ನಿಯಾಕ್ಕೆ ಬಂದರೆ, ಹೊಸ ಶಾಲೆಯ ಟೀಮು ಕೋಚ್ ಬಿಟ್ಟುಹೋದಾಗಿನಿಂದ ಒದ್ದಾಡುತ್ತಿದೆ. ಗೆಳತಿಯರ ಮುನಿಸು, ನಗು, ಒಂಚೂರು ಅಳು, ಆಮೇಲೆ ಮೈದಾನ. ಒಂದೇ ಸೀಸನ್‌ಗೆ ಮುಗಿದೂ ಹೋಯ್ತು.

ಇದರಲ್ಲಿ ಇತಿಹಾಸ ಏನಿದೆ ಅಂತೀರಾ? ಕತೆ ಯಾವ ಪ್ರಶ್ನೆಯನ್ನು ಕೇಳೋದಿಲ್ಲವೋ, ಅದರಲ್ಲಿದೆ.

ಹಿಂದಿನ ಸಿನಿಮಾಗಳನ್ನ ನೆನಪಿಸಿಕೊಳ್ಳಿ. 1981ರ 'ಗ್ರೆಗರೀಸ್ ಗರ್ಲ್'ನಲ್ಲಿ ಹುಡುಗಿಯೊಬ್ಬಳು ಹುಡುಗರ ಟೀಮಿಗೆ ಸೇರೋದೇ ಸುದ್ದಿ. 2002ರ 'ಬೆಂಡ್ ಇಟ್ ಲೈಕ್ ಬೆಕಮ್'ನ ಜೆಸ್ ಮನೆಯವರಿಗೆ ಗೊತ್ತಾಗದ ಹಾಗೆ ಆಡಬೇಕು. 2006ರ 'ಶೀ ಈಸ್ ದ ಮ್ಯಾನ್'ನಲ್ಲಿ ಶಾಲೆಯವರು ಹುಡುಗಿಯರ ಟೀಮನ್ನೇ ಮುಚ್ಚುತ್ತಾರೆ, ನಾಯಕಿ ಗಂಡುವೇಷ ಹಾಕುತ್ತಾಳೆ. ಮೂರರಲ್ಲೂ ಗಂಟು ಒಂದೇ: ಹುಡುಗಿ ಆಡಬಹುದಾ? ಡೆವಿನ್‌ಗೆ ಆ ತಲೆನೋವಿಲ್ಲ. ಅವಳ ಚಿಂತೆ, ಗೆಲ್ಲೋದು ಹೇಗೆ ಅನ್ನೋದು ಮಾತ್ರ.

ಈ ನಿರಾಳ ಪುಕ್ಕಟೆ ಬಂದದ್ದಲ್ಲ. ಇಂಗ್ಲೆಂಡಿನಲ್ಲಿ 1920ರ ಡಿಸೆಂಬರ್ 26ರಂದು ಡಿಕ್, ಕೆರ್ ಲೇಡೀಸ್ ಎಂಬ ಫ್ಯಾಕ್ಟರಿ ಹೆಂಗಸರ ಟೀಮಿನ ಆಟ ನೋಡೋಕೆ ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಸುಮಾರು 53,000 ಜನ ಸೇರಿದ್ದರು. ಒಂದು ವರ್ಷ ಕಳೆಯುವಷ್ಟರಲ್ಲಿ, 1921ರ ಡಿಸೆಂಬರ್ 5ರಂದು, ಅಲ್ಲಿನ ಫುಟ್‌ಬಾಲ್ ಅಸೋಸಿಯೇಷನ್ ತನ್ನ ಕ್ಲಬ್ಬುಗಳ ಮೈದಾನಗಳನ್ನು ಹೆಂಗಸರಿಗೆ ಮುಚ್ಚಿಬಿಟ್ಟಿತು. ಆ ಬಾಗಿಲು ತೆರೆಯೋಕೆ ಸುಮಾರು ಐವತ್ತು ವರ್ಷ ಬೇಕಾಯ್ತು. ಆಡುವವರೂ ಇದ್ದರು, ನೋಡುವವರೂ ಇದ್ದರು. ಮೈದಾನ ಮಾತ್ರ ಇರಲಿಲ್ಲ.

ಅಮೆರಿಕದಲ್ಲಿ ಬಾಗಿಲು ತೆರೆದದ್ದು ಒಂದು ಶಿಕ್ಷಣ ಕಾನೂನು. 1972ರ ಜೂನ್ 23ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ 'ಟೈಟಲ್ ನೈನ್'ನ ಮುಖ್ಯ ವಾಕ್ಯದಲ್ಲಿ ಇಂಗ್ಲಿಷಿನ 37 ಪದಗಳಿವೆ. ಕೇಂದ್ರ ಸರ್ಕಾರದ ದುಡ್ಡು ಪಡೆಯೋ ಶಿಕ್ಷಣ ಸಂಸ್ಥೆ ಗಂಡು-ಹೆಣ್ಣು ಅಂತ ಭೇದ ಮಾಡಬಾರದು ಅನ್ನೋದು ಸಾರ. ತಮಾಷೆ ನೋಡಿ, ಆ ವಾಕ್ಯದಲ್ಲಿ ಆಟದ ಸುದ್ದಿಯೇ ಇಲ್ಲ! ಅದಕ್ಕಾಗಿ ದುಡಿದವರಲ್ಲಿ ಒಬ್ಬರಾದ ಪ್ಯಾಟ್ಸಿ ಮಿಂಕ್ ಅವರಿಗೆ ಹೆಣ್ಣೆಂಬ ಕಾರಣಕ್ಕೆ ಮೆಡಿಕಲ್ ಕಾಲೇಜುಗಳಲ್ಲಿ ಸೀಟು ಸಿಕ್ಕಿರಲಿಲ್ಲ. ಅವರ ತಲೆಯಲ್ಲಿದ್ದದ್ದು ಕ್ಲಾಸ್‌ರೂಮು. ಆದರೆ ಆಟವೂ ಶಾಲೆಯ ಭಾಗ ತಾನೇ? ಅಪಾಯ ಮೊದಲು ಮೂಗಿಗೆ ಬಡಿದದ್ದು ಪುರುಷರ ಕ್ರೀಡೆಯವರಿಗೆ. ದುಡ್ಡು ತರೋ ಆಟಗಳಿಗೆ ವಿನಾಯಿತಿ ಕೊಡಿ ಅಂತ 1974ರಲ್ಲಿ ಸೆನೆಟರ್ ಜಾನ್ ಟವರ್ ತಂದ ತಿದ್ದುಪಡಿ ಕೊನೆಗೆ ಉಳಿಯಲಿಲ್ಲ.

ಇನ್ನು ಲೆಕ್ಕಾಚಾರ. ಅಮೆರಿಕನ್ ಫುಟ್‌ಬಾಲ್ ಟೀಮು ಅಂದರೆ ಹುಡುಗರ ದೊಡ್ಡ ದಂಡು. ಅದಕ್ಕೆ ಸರಿದೂಗಿಸೋಕೆ ಕಾಲೇಜುಗಳಿಗೆ ಹೆಚ್ಚು ಹುಡುಗಿಯರನ್ನು ತುಂಬಿಕೊಳ್ಳುವ, ಖರ್ಚು ಕಮ್ಮಿಯ ಆಟ ಬೇಕಿತ್ತು. ಸಾಕರ್ ಸಿಕ್ಕಿತು. 1982ಕ್ಕೆ ಮಹಿಳೆಯರ ಕಾಲೇಜು ಚಾಂಪಿಯನ್‌ಶಿಪ್ ಶುರುವಾಯ್ತು, 1985ರಲ್ಲಿ ರಾಷ್ಟ್ರೀಯ ತಂಡ ತನ್ನ ಮೊದಲ ಪಂದ್ಯ ಆಡಿತು, 1991ರಲ್ಲಿ ಮೊದಲ ವಿಶ್ವಕಪ್ಪನ್ನೇ ಗೆದ್ದಿತು. 1999ರ ಜುಲೈ 10ರಂದು ಪ್ಯಾಸಡೀನಾದ ರೋಸ್ ಬೌಲ್‌ನಲ್ಲಿ 90,185 ಜನರ ಎದುರು ಚೀನಾವನ್ನು ಪೆನಾಲ್ಟಿಯಲ್ಲಿ ಸೋಲಿಸಿದಾಗ, ಅದೇ ಕ್ಯಾಲಿಫೋರ್ನಿಯಾದ ಅಲೆಕ್ಸ್ ಮಾರ್ಗನ್‌ಗೆ ಹತ್ತು ತುಂಬಿ ಒಂದು ವಾರವಾಗಿತ್ತು. ಮುಂದೆ ಅದೇ ತಂಡದ ಸ್ಟ್ರೈಕರ್ ಆದವಳು ಆಕೆ. 'ದಿ ಕಿಕ್ಸ್' ಸೀರೀಸ್‌ಗೆ ಮೂಲವಾದ ಮಕ್ಕಳ ಪುಸ್ತಕಗಳನ್ನು ಬರೆದವಳೂ ಆಕೆಯೇ.

ಹಾಗಾದ್ರೆ ಎಲ್ಲ ಸುಖಾಂತವಾ? ಇಲ್ಲ. ಸೀರೀಸ್ ಬಿಡುಗಡೆಯಾಗೋಕೆ ಐದು ತಿಂಗಳು ಮುಂಚೆ, 2016ರ ಮಾರ್ಚ್‌ನಲ್ಲಿ, ಮಾರ್ಗನ್ ಮತ್ತು ನಾಲ್ವರು ಸಹ ಆಟಗಾರ್ತಿಯರು ಸಂಬಳದ ತಾರತಮ್ಯದ ವಿರುದ್ಧ ಕೇಂದ್ರದ ಉದ್ಯೋಗ ಆಯೋಗಕ್ಕೆ ದೂರು ಕೊಟ್ಟಿದ್ದರು. 2014ರಲ್ಲಿ ವಿಶ್ವಕಪ್ ಗೆದ್ದ ಜರ್ಮನಿಯ ಪುರುಷರಿಗೆ ಫಿಫಾ ಕೊಟ್ಟದ್ದು 3.5 ಕೋಟಿ ಡಾಲರ್, ಮರುವರ್ಷ ಗೆದ್ದ ಅಮೆರಿಕದ ಮಹಿಳೆಯರಿಗೆ 20 ಲಕ್ಷ. ಅವರ ದೂರು ಇದ್ದದ್ದು ಫಿಫಾ ಮೇಲಲ್ಲ, ತಮ್ಮದೇ ದೇಶದ ಸಾಕರ್ ಫೆಡರೇಷನ್ ಮೇಲೆ. ಜಗಳ ಕೋರ್ಟಿಗೂ ಹೋಗಿ, 2022ರಲ್ಲಿ 2.4 ಕೋಟಿ ಡಾಲರ್ ಮತ್ತು ಸಮಾನ ವೇತನದ ಭರವಸೆಯೊಂದಿಗೆ ರಾಜಿಯಾಯಿತು.

ಟೀನೇಜ್ ಕಾಮಿಡಿ ಅಂತ ತಳ್ಳಿಹಾಕೋದು ಸುಲಭ. ಆದರೆ ಒಂದು ಹೋರಾಟ ಎಲ್ಲಿವರೆಗೆ ಗೆದ್ದಿದೆ ಅಂತ ತಿಳಿಯೋಕೆ, ಮಕ್ಕಳಿಗೆ ಹೇಳೋ ಕತೆಯಲ್ಲಿ ಯಾವ ಪ್ರಶ್ನೆ ಬಿಟ್ಟುಹೋಗಿದೆ ನೋಡಬೇಕು. 'ಆಡಬಹುದಾ' ಅನ್ನೋದು ಡೆವಿನ್‌ಳ ಕತೆಯಿಂದ ಬಿಟ್ಟುಹೋಗಿತ್ತು. 'ಎಷ್ಟು ಕೊಡ್ತೀರಿ' ಅನ್ನೋದನ್ನ ಅವಳನ್ನು ಸೃಷ್ಟಿಸಿದವಳು ಇನ್ನೂ ಕೇಳುತ್ತಿದ್ದಳು.