ಒಂದನೆಯ ನಂಬರಿನ ಬಟ್ಟೆ: ಬೆಂಗೇರಿಯ ಧ್ವಜ ಮತ್ತು ಮಾನಕದ ಬೆಲೆ

ಹಾವೇರಿ ಜಿಲ್ಲೆಯ ಹುಲಗೂರಿನಂಥ ಊರಿನ ಸರಕಾರಿ ಶಾಲೆಯಲ್ಲಿ ಆಗಸ್ಟ್ 15ರ ಹಿಂದಿನ ದಿನ ಧ್ವಜ ಬೀರುವಿನಿಂದ ಹೊರಗೆ ಬರುತ್ತದೆ. ಮಡಿಕೆ ಬಿಡಿಸಿದರೆ ಕಂಬದ ಬದಿಗೆ ಹಗ್ಗ ಸೇರಿಸಿ ಹೊಲಿದ ದಪ್ಪ ಖಾದಿಯ ಪಟ್ಟಿ ಕಾಣುತ್ತದೆ. ಒಳ್ಳೆಯ ಧ್ವಜವಾದರೆ ಆ ಪಟ್ಟಿಯ ಮೇಲೆ ಅಳತೆ, ತಯಾರಕರ ಗುರುತು, ಐಎಸ್‌ಐ ಮುದ್ರೆ ಇರುತ್ತವೆ. ಹೂವಿನ ಪಕಳೆ ತುಂಬಿ ಗಂಟು ಕಟ್ಟುವ ಗಡಿಬಿಡಿಯಲ್ಲಿ ಈ ಮುದ್ರೆಯನ್ನು ಓದುವವರು ಕಡಿಮೆ. ಸರಕಾರವೊಂದು ಗುಣಮಟ್ಟದ ಅಳತೆ ಗೊತ್ತು ಮಾಡಿದಾಗ ಅದರ ಲಾಭ ಯಾರಿಗೆ ಹೋಯಿತು, ಖರ್ಚು ಯಾರ ತಲೆಯ ಮೇಲೆ ಬಿತ್ತು ಎಂಬ ಇತಿಹಾಸ ಆ ಒಂದು ಗೇಣು ಬಟ್ಟೆಯಲ್ಲೇ ಇದೆ. ಅದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಅಳತೆಯ ಮೇಲೆ ಅಧಿಕಾರದ ಮುದ್ರೆ ಈ ಸೀಮೆಗೆ ಹೊಸದಲ್ಲ. ಹಿರೇಕೆರೂರಿನ ಆಚೆಗಿರುವ ಬಳ್ಳಿಗಾವೆಯಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯನು 1047ರಲ್ಲಿ ಗಂಡಭೇರುಂಡ ಸ್ತಂಭವನ್ನು ನಿಲ್ಲಿಸಿದ. ಅಲ್ಲಿನ ಶಾಸನಗಳಲ್ಲಿ ಭೂಮಿಯನ್ನು ‘ಭೇರುಂಡ ಗಳೆ’ ಎಂಬ ಅಳತೆಗೋಲಿನಿಂದ ಅಳೆದು ದತ್ತಿ ಬಿಟ್ಟ ಮಾತು ಬರುತ್ತದೆ. ಮತ್ತರು, ಕಮ್ಮ, ಕೊಳಗ, ಬಳ್ಳ, ಸೊಲಗೆ ಎಂದು ಶಾಸನಗಳು ಹೆಜ್ಜೆಹೆಜ್ಜೆಗೂ ಮಾನಗಳನ್ನು ಹೆಸರಿಸುತ್ತವೆ. ಯಾವ ಗಳೆ ಎಂಬುದನ್ನು ಹೇಳದಿದ್ದರೆ ಮತ್ತರಿಗೆ ಅರ್ಥವಿರುತ್ತಿರಲಿಲ್ಲ, ಏಕೆಂದರೆ ಊರಿಂದೂರಿಗೆ ಗಳೆ ಬೇರೆಯಾಗುತ್ತಿತ್ತು. ಕೆಲವು ಕಡೆ ಗಳೆಯ ಉದ್ದವನ್ನು ಗುಡಿಯ ಕಲ್ಲಿನಲ್ಲೇ ಕೊರೆದಿಟ್ಟದ್ದೂ ಉಂಟು. ಸಂಶಯ ಬಂದವನು ತನ್ನ ಕೋಲು ತಂದು ಕಲ್ಲಿಗೆ ಹಿಡಿದು ನೋಡಬಹುದಿತ್ತು. ಅದಕ್ಕೆ ಶುಲ್ಕವಿರಲಿಲ್ಲ.

ಆಧುನಿಕ ಭಾರತದ ಗಳೆಯನ್ನು ಹಿಡಿದದ್ದು ಭಾರತೀಯ ಮಾನಕ ಸಂಸ್ಥೆ (ಐಎಸ್‌ಐ). ಸ್ವಾತಂತ್ರ್ಯಕ್ಕೆ ಏಳು ತಿಂಗಳು ಮೊದಲು, 1947ರ ಜನವರಿ 6ರಂದು ಅದು ಅಸ್ತಿತ್ವಕ್ಕೆ ಬಂತು. ಲಾಲ್ ಚಂದ್ ವರ್ಮನ್ ಅದರ ಮೊದಲ ನಿರ್ದೇಶಕರು. ಅದೇ ವರ್ಷ ಜುಲೈ 22ರಂದು ಸಂವಿಧಾನ ಸಭೆ ತ್ರಿವರ್ಣ ಧ್ವಜವನ್ನು ಅಂಗೀಕರಿಸಿತು. ಸಂಸ್ಥೆಯ ಮಾನಕಗಳ ಸಾಲಿನಲ್ಲಿ ಮೊದಲ ಸಂಖ್ಯೆ ದೊರೆತದ್ದು ಈ ಧ್ವಜಕ್ಕೆ: ಐಎಸ್ 1, ಪ್ರಕಟವಾದದ್ದು 1951ರಲ್ಲಿ. ಉಕ್ಕು, ಸಿಮೆಂಟು, ವಿದ್ಯುತ್ ತಂತಿ ಎಲ್ಲವೂ ಕಾದು ನಿಂತಿದ್ದ ಕಾಲದಲ್ಲಿ ಕೈನೂಲಿನ ಬಟ್ಟೆಯೊಂದಕ್ಕೆ ಮೊದಲ ನಂಬರು ಸಿಕ್ಕಿದ್ದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ದೇಶ ಮೆಟ್ರಿಕ್ ಪದ್ಧತಿಗೆ ಹೊರಳಿದ ಮೇಲೆ 1964ರಲ್ಲಿ ಮಾನಕವನ್ನು ಪರಿಷ್ಕರಿಸಿದರು, 1968ರಲ್ಲಿ ಮತ್ತೆ ತಿದ್ದಿದರು. ನಮ್ಮ ಕಡೆ ಈಗಲೂ ಧ್ವಜವನ್ನು ‘ಎರಡು-ಮೂರು ಅಡೀದು’ ಎಂದೇ ಕೇಳುತ್ತಾರೆ. ಪಟ್ಟಿಯ ಮೇಲೆ ಅದು 900×600 ಮಿ.ಮೀ.

ಮಾನಕದಲ್ಲಿ ಇರುವುದೇನು? ಒಂಬತ್ತು ಅಳತೆಗಳು. ದೊಡ್ಡದು 6300×4200 ಮಿ.ಮೀ., ಚಿಕ್ಕದು ಮೇಜಿನ ಮೇಲಿಡುವ 150×100. ಎಲ್ಲದರ ಪ್ರಮಾಣವೂ ಮೂರಕ್ಕೆ ಎರಡು. ಪ್ರತಿ ಅಳತೆಗೂ ಚಕ್ರದ ವ್ಯಾಸ ಬೇರೆ: ದೊಡ್ಡ ಧ್ವಜಕ್ಕೆ 1295 ಮಿ.ಮೀ., ಶಾಲೆಯ ಧ್ವಜಕ್ಕೆ 185, ಮೇಜಿನ ಧ್ವಜಕ್ಕೆ 25. ಈ ಕೊನೆಯದನ್ನು ಹತ್ತಿರದಿಂದ ನೋಡಬೇಕು. 25 ಮಿ.ಮೀ. ವ್ಯಾಸದ ವೃತ್ತದೊಳಗೆ 24 ಅರಗಳು ಕೂರಬೇಕು. ಅಂಚಿನಲ್ಲಿಯೇ ಒಂದು ಅರದಿಂದ ಇನ್ನೊಂದಕ್ಕೆ ಮೂರು ಮಿ.ಮೀ. ಚಿಲ್ಲರೆ ಅಂತರ, ನಡುವಿಗೆ ಬಂದಂತೆ ಅದೂ ಕರಗುತ್ತದೆ. ಕೈನೂಲಿನ ಬಟ್ಟೆಯಲ್ಲಿ ಎಳೆ ಸ್ವಲ್ಪ ದಪ್ಪವಾದರೂ ಶಾಯಿ ಹರಡಿ ಎರಡು ಅರ ಒಂದಾಗುತ್ತವೆ. ಅಚ್ಚು ಎರಡೂ ಮಗ್ಗುಲಿಗೆ ಬೀಳಬೇಕು, ಬೆಳಕಿಗೆ ಹಿಡಿದರೆ ಒಂದೇ ಚಕ್ರ ಕಾಣಬೇಕು.

ಬಣ್ಣದ ಮಾತು ಇನ್ನೂ ಸೂಕ್ಷ್ಮ. ಕೇಸರಿ ಎಂದರೆ ಒಬ್ಬ ಬಣ್ಣಗಾರನಿಗೆ ಒಂದು, ಇನ್ನೊಬ್ಬನಿಗೆ ಇನ್ನೊಂದು. ಮಾನಕ ಆ ಮಾತಿನ ಜಾಗದಲ್ಲಿ ಉಪಕರಣದಿಂದ ಅಳೆಯಬಹುದಾದ ಅಂಕಿಗಳನ್ನು ಇಟ್ಟಿತು. ಬಿಸಿಲಿಗೆ, ನೀರಿಗೆ ಬಣ್ಣ ಎಷ್ಟು ತಾಳಬೇಕು ಎಂಬುದಕ್ಕೂ ಪರೀಕ್ಷೆ ಬಂತು. ಮಾನಕದ ಮೊದಲ ಮೌಲ್ಯ ಇದೇ. ಹಂಗಾಮಿನಲ್ಲಿ ಬ್ಯಾಡಗಿ ಪೇಟೆಗೆ ಹೋದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೆಣಸಿನಕಾಯಿಯ ಕೆಂಪು ಎಷ್ಟು ಕೆಂಪು ಎಂಬ ಮಾತಿನ ಮೇಲೆ ಅವನ ವರ್ಷದ ದುಡಿಮೆಯ ದರ ನಿಂತಿರುತ್ತದೆ.

ಹುಲಗೂರಿನ ಜನ ದೊಡ್ಡ ಖರೀದಿಗೆ ಹೋಗುವ ಹುಬ್ಬಳ್ಳಿಯಲ್ಲೇ ಈ ಮಾನಕದ ಮನೆಯಿದೆ. ಅದಕ್ಕೆ ಹಿನ್ನೆಲೆಯೂ ಇದೆ. 1923ರ ನಾಗಪುರ ಧ್ವಜ ಸತ್ಯಾಗ್ರಹಕ್ಕೆ ಹುಬ್ಬಳ್ಳಿಯಿಂದ ಸ್ವಯಂಸೇವಕರ ತಂಡದೊಂದಿಗೆ ಹೋಗಿ ಜೈಲು ಕಂಡವರು ನಾ. ಸು. ಹರ್ಡೀಕರ್. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯವರೊಂದಿಗೆ ದಂಡಿಗೆ ನಡೆದರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಇವೆಲ್ಲ ಧಾರವಾಡ ಜಿಲ್ಲೆಯ ಊರುಗಳೇ. ಖಾದಿ ಇಲ್ಲಿ ಮೇಲಿನಿಂದ ಬಂದ ಯೋಜನೆಯಾಗಿ ಬರಲಿಲ್ಲ, ಪ್ರಾಣ ಕೊಟ್ಟವರ ಮೈಮೇಲಿನ ಬಟ್ಟೆಯಾಗಿ ಬಂತು.

ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿದ್ದು 1957ರ ನವೆಂಬರ್ 1ರಂದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅದರ ಕೇಂದ್ರ. 2004ರಲ್ಲಿ ಅಲ್ಲಿ ಧ್ವಜ ಘಟಕ ಆರಂಭವಾಯಿತು, ಮುಂದೆ ಅದಕ್ಕೆ ಮಾನಕ ಬ್ಯೂರೋದ (ಮಾನಕ ಸಂಸ್ಥೆಯ ಈಗಿನ ರೂಪ) ಮುದ್ರೆ ದೊರೆಯಿತು. ಧಾರವಾಡದ ಬಳಿಯ ಗರಗದಲ್ಲಿ ಧ್ವಜದ ಬಟ್ಟೆ ನೇಯುವ ಪರಂಪರೆ ಅದಕ್ಕಿಂತ ಹಳೆಯದು. ಬೆಂಗೇರಿಗೆ ಬಟ್ಟೆ ಬರುವುದು ಬಾಗಲಕೋಟೆ ಕಡೆಯ ಮಗ್ಗಗಳಿಂದ. ನೂಲು, ನೇಯ್ಗೆ, ಬಣ್ಣ, ಚಕ್ರದ ಅಚ್ಚು, ಹೊಲಿಗೆ, ಹಗ್ಗ ಕೂಡಿಸುವುದು: ಇಷ್ಟು ಹಂತ ದಾಟಬೇಕು. ಕೆಲಸಗಾರರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಇಷ್ಟು ಬಿಗಿಯಾದ ಮಾನಕವನ್ನು ಪೂರೈಸಿ ಮುದ್ರೆ ಪಡೆದದ್ದು ದೊಡ್ಡ ಗಿರಣಿಯಲ್ಲ, ಇವರ ಸಂಘ. ಈ ಬಿಗಿಯೇ ಅವರಿಗೆ ಬೇಲಿಯಾಯಿತು. 2002ರ ಧ್ವಜ ಸಂಹಿತೆಯೂ ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆಯನ್ನೇ ಹೇಳಿತ್ತು.

ಈಗ ಖರ್ಚಿನ ಲೆಕ್ಕ. ಮಾನಕ ಸಂಸ್ಥೆ 1987ರ ಏಪ್ರಿಲ್ 1ರಂದು ಶಾಸನಬದ್ಧ ಬ್ಯೂರೋ ಆಯಿತು; 2016ರ ಹೊಸ ಕಾಯಿದೆ 2017ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಬ್ಯೂರೋದ ಆದಾಯದ ಮುಖ್ಯ ಮೂಲ ಪ್ರಮಾಣೀಕರಣದ ಶುಲ್ಕ. ಎಂದರೆ ಗಳೆಯನ್ನು ಕಾಯುವ ಖರ್ಚನ್ನು ಹೆಚ್ಚಿನ ಮಟ್ಟಿಗೆ ಭರಿಸುವವರು ಗಳೆಗೆ ಒಳಗಾದವರೇ. ಸಣ್ಣ ಘಟಕಗಳಿಗೆ ರಿಯಾಯಿತಿ ಇದೆ, ಹಿಂದೆ ದುಡ್ಡು ಕೊಟ್ಟು ಕೊಳ್ಳಬೇಕಿದ್ದ ಮಾನಕದ ಪುಸ್ತಿಕೆಗಳು ಈಗ ಉಚಿತವಾಗಿ ಸಿಗುತ್ತವೆ. ಇದು ಒಳ್ಳೆಯ ಕೆಲಸ. ಆದರೆ ಶುಲ್ಕದ ರಶೀದಿಯಲ್ಲಿ ಕಾಣದ ಖರ್ಚು ದೊಡ್ಡದು. ಪ್ರಯೋಗಾಲಯ, ಅದನ್ನು ನಡೆಸುವವರು, ಪರೀಕ್ಷೆಗೆ ಕತ್ತರಿಸಿ ಹೋಗುವ ಬಟ್ಟೆ, ಬಣ್ಣ ತಪ್ಪಿ ಪಕ್ಕಕ್ಕೆ ಬೀಳುವ ತಾನು. ನೂಲುವವಳ ಕೂಲಿ ಲಡಿಯ (ನೂಲಿನ ಸುರುಳಿಯ) ಲೆಕ್ಕದ್ದು. ಕೈನೂಲಿನ ಸ್ವಭಾವವೇ ಏರಿಳಿತ. ಅದರಿಂದ ಯಂತ್ರದ ಸಮತೆ ಕೇಳಿದಾಗ ಅವಳ ಕೈ ನಿಧಾನವಾಗುತ್ತದೆ, ದಿನದ ಲಡಿ ಕಡಿಮೆಯಾಗುತ್ತದೆ. ಮಾನಕದ ನಿಜವಾದ ಬೆಲೆಯನ್ನು ನಾನು ಈ ಕಡಿಮೆಯಾದ ಲಡಿಯಲ್ಲಿ ಗುರುತಿಸುತ್ತೇನೆ.

ಇಷ್ಟನ್ನೂ ತಾಳಿಕೊಳ್ಳಲು ಸಾಧ್ಯವಾದದ್ದು ಬೇಲಿ ಇದ್ದದ್ದರಿಂದ. ಧ್ವಜ ಸಂಹಿತೆಗೆ ಬಂದ 2021ರ ಡಿಸೆಂಬರ್ 30ರ ತಿದ್ದುಪಡಿ ಯಂತ್ರದಲ್ಲಿ ತಯಾರಾದ ಬಟ್ಟೆಗೂ ಪಾಲಿಯೆಸ್ಟರಿಗೂ ಅನುಮತಿ ಕೊಟ್ಟಿತು. ಮರುವರ್ಷ ಆಗಸ್ಟಿನಲ್ಲಿ ‘ಹರ್ ಘರ್ ತಿರಂಗಾ’ ಅಭಿಯಾನ ಬಂತು. ಮನೆಮನೆಗೂ ಧ್ವಜ ಮುಟ್ಟಬೇಕೆಂಬ ಆಸೆಯನ್ನು ನಾನು ಅಲ್ಲಗಳೆಯಲಾರೆ. ಅಷ್ಟು ಕಡಿಮೆ ಅವಧಿಯಲ್ಲಿ ಕೈಮಗ್ಗ ಅಷ್ಟು ಬಟ್ಟೆ ಕೊಡುವುದೂ ಸಾಧ್ಯವಿರಲಿಲ್ಲ. ಆದರೂ ತಿದ್ದುಪಡಿಯ ವಿರುದ್ಧ ಬೆಂಗೇರಿಯಿಂದ ಎದ್ದ ಆಕ್ಷೇಪಕ್ಕೆ ನ್ಯಾಯವಿತ್ತು. ಧ್ವಜ ಸಂಹಿತೆ ಗೃಹ ಸಚಿವಾಲಯದ್ದು. ಮಾನಕ ಬ್ಯೂರೋ ಗ್ರಾಹಕ ವ್ಯವಹಾರಗಳ ಸಚಿವಾಲಯದ ಕೆಳಗೆ. ಖಾದಿ ಆಯೋಗ ಸಣ್ಣ ಕೈಗಾರಿಕೆಗಳ ಸಚಿವಾಲಯಕ್ಕೆ ಸೇರಿದ್ದು. ಒಂದು ಬಾಗಿಲಲ್ಲಿ ಅಳತೆಯ ಬಿಗಿ ಹಾಗೇ ಉಳಿಯಿತು, ಇನ್ನೊಂದು ಬಾಗಿಲಲ್ಲಿ ಬೇಲಿ ತೆಗೆದರು. ಬಿಗಿಯ ಖರ್ಚು ನೇಕಾರರ ಬಳಿಯೇ ಉಳಿಯಿತು.

ಇದಕ್ಕೆ ಎದುರಾದ ಉದಾಹರಣೆಯೂ ನಮ್ಮ ರಾಜ್ಯದಲ್ಲೇ ಇದೆ. ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಮುದ್ರೆ ಕಡ್ಡಾಯವಾಯಿತು. ಹಾಗೆಯೇ ಬಿಟ್ಟಿದ್ದರೆ ಚನ್ನಪಟ್ಟಣ, ಕಿನ್ನಾಳದ ಕುಶಲಕರ್ಮಿಗಳು ಪರೀಕ್ಷೆಯ ಖರ್ಚಿಗೇ ಕುಸಿಯುತ್ತಿದ್ದರು. ಜಾರಿಗೆ ಮುಂಚೆಯೇ ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಿಕೆ ಪಡೆದ ಆಟಿಕೆಗಳಿಗೂ ವಿನಾಯಿತಿ ಕೊಟ್ಟರು. ಎಂದರೆ ಮಾನಕದ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂದು ನೋಡಿ ಹೊರಿಸುವುದು ಸರಕಾರಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ. ಧ್ವಜಕ್ಕೆ ವಿನಾಯಿತಿ ಯಾರೂ ಕೇಳುತ್ತಿಲ್ಲ, ಬಿಗಿ ಇರಲಿ. ಶಾಲೆ, ಗ್ರಾಮ ಪಂಚಾಯಿತಿ, ತಹಶೀಲ್ದಾರ್ ಕಚೇರಿಗಳ ಕಂಬಕ್ಕೆ ಐಎಸ್ 1ರ ಮುದ್ರೆಯಿರುವ ಖಾದಿ ಧ್ವಜವನ್ನೇ ಕೊಳ್ಳಬೇಕು ಎಂಬ ಖರೀದಿ ಆದೇಶ ಸಾಕು. ಬ್ಯೂರೋದ ತಪಾಸಣೆಯ ಖರ್ಚನ್ನು ಈ ಒಂದು ವಸ್ತುವಿನ ಮಟ್ಟಿಗೆ ಸರಕಾರವೇ ಭರಿಸಬಹುದು.

ಆದೇಶ ಯಾವ ತಿಂಗಳಲ್ಲಿ ಬರುತ್ತದೆ ಎಂಬುದೂ ಮುಖ್ಯ. ಧ್ವಜದ ಬೇಡಿಕೆ ಏರುವುದು ಜುಲೈ, ಆಗಸ್ಟಿನಲ್ಲಿ. ಅದಕ್ಕೆ ಬೇಕಾದ ನೂಲು ಬೇಸಿಗೆಯಲ್ಲೇ ಲಡಿಯಾಗಿರಬೇಕು, ಮಳೆ ಹಿಡಿಯುವ ಮೊದಲು ಬಣ್ಣ ಹಾಕಿದ ಬಟ್ಟೆ ಒಣಗಿರಬೇಕು. ಆಗ ನೂಲುವವಳ ಕೈಯಲ್ಲಿ ಚರಕವಿರುತ್ತದೆ, ಸಂಘದ ಕೈಯಲ್ಲಿ ಇನ್ನೂ ಆದೇಶವಿರುವುದಿಲ್ಲ.